*ಬೋರ್ ನೀರು, ಸೆಪ್ಟಿಕ್ ಟ್ಯಾಂಕ್ ಮತ್ತು ಮನೆಯ ಕೂಸು: ಮಾಧವರಂನ ನಮ್ಮವರು ಓದಲೇಬೇಕಾದ ನೈಟ್ರೇಟ್ ಲೆಕ್ಕ*

ನಮ್ಮ ಆರೋಗ್ಯ ಮಾಲಿಕೆಯ ಈ ಕಂತು ಸ್ವಲ್ಪ ಉದ್ದವಿದೆ. ಬಿಡುವು ಮಾಡಿಕೊಂಡು ಓದಿ. ಮನೆಯಲ್ಲಿ ಆರು ತಿಂಗಳೊಳಗಿನ ಮಗು ಇದ್ದರೆ, ಬಸುರಿ ಹೆಣ್ಣುಮಗಳಿದ್ದರೆ, ಅಥವಾ ಬಾಣಂತನಕ್ಕೆ ಊರಿಂದ ಅಮ್ಮ ಬಂದಿದ್ದರೆ ಇವತ್ತೇ ಓದಿ.

ಊರು ಬಿಟ್ಟು ಬಂದ ನಾವು ಹೊಸ ಜಾಗದಲ್ಲಿ ಮನೆ ನೋಡುವಾಗ ಮೂರು ಪ್ರಶ್ನೆ ಕೇಳುತ್ತೇವೆ. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ನೀರು ಬರುತ್ತದಾ? ಮಾಧವರಂನ ಮನೆ ಮಾಲೀಕರು ಮೂರನೆಯದಕ್ಕೆ ಸಾಮಾನ್ಯವಾಗಿ, “ಬೋರ್ ಇದೆ, ಇಪ್ಪತ್ನಾಲ್ಕು ಗಂಟೆ ನೀರು” ಎನ್ನುತ್ತಾರೆ. ನಮಗೂ ಸಮಾಧಾನವಾಗುತ್ತದೆ. ಆದರೆ ನಾಲ್ಕನೆಯ ಪ್ರಶ್ನೆಯೊಂದಿದೆ. ನಾವು ಅದನ್ನು ಕೇಳುವುದೇ ಇಲ್ಲ: *“ಈ ಮನೆಯ ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತದೆ?”*

ಬೋರ್ ನೀರಿನ ಗುಣ ತಿಳಿಯಬೇಕಾದರೆ ಈ ನಾಲ್ಕನೆಯ ಪ್ರಶ್ನೆಯ ಉತ್ತರ ಬೇಕು. ಯಾಕೆ ಎಂದು ಮುಂದೆ ನೋಡೋಣ.

*ಮಾಧವರಂ ವಿಷಯ ಯಾಕೆ?*

ಮಾಧವರಂ ಮೊದಲು ತಿರುವಳ್ಳೂರು ಜಿಲ್ಲೆಯ ಒಂದು ಪುರಸಭೆ. 2011ರಲ್ಲಿ ಅದು ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. 2018ರಲ್ಲಿ ಆಂಧ್ರ, ತೆಲಂಗಾಣದ ಕಡೆ ಹೋಗುವ ಬಸ್ಸುಗಳಿಗೆ ಇಲ್ಲಿ ದೊಡ್ಡ ಬಸ್ ನಿಲ್ದಾಣವಾಯಿತು. ಈಗ ಮೆಟ್ರೋ ರೈಲಿನ ಎರಡನೆಯ ಹಂತದ ಎರಡು ಮಾರ್ಗಗಳು ಇಲ್ಲಿಂದಲೇ ಹೊರಡುತ್ತವೆ. ಒಂದು ಕಾಲದಲ್ಲಿ ಕೆರೆ, ಗದ್ದೆ, ಹಾಲಿನ ಹಸುಗಳಿದ್ದ ಜಾಗದಲ್ಲಿ ಇವತ್ತು ಮೂರು ಅಂತಸ್ತಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ.

ಊರು ಬೆಳೆದಷ್ಟು ಬೇಗ ಒಳಚರಂಡಿ ಬೆಳೆಯುವುದಿಲ್ಲ. ಇದು ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲೂ ನಾವು ಕಂಡ ಮಾತೇ. ಪಾಲಿಕೆಗೆ ಹೊಸದಾಗಿ ಸೇರಿದ ಭಾಗಗಳಿಗೆ ಒಳಚರಂಡಿ ಹಂತಹಂತವಾಗಿ ಬರುತ್ತದೆ. ಅದು ಬರುವವರೆಗೆ ಪ್ರತಿ ಮನೆಯ ಕೆಳಗೂ ಒಂದು ಸೆಪ್ಟಿಕ್ ಟ್ಯಾಂಕ್ ಇರುತ್ತದೆ, ಅದೇ ಸೈಟಿನ ಇನ್ನೊಂದು ಮೂಲೆಯಲ್ಲಿ ಒಂದು ಬೋರ್. ಎರಡರ ನಡುವೆ ಇಪ್ಪತ್ತು ಅಡಿಯೂ ಇರುವುದಿಲ್ಲ.

ಇದು ಮಾಧವರಂ ಒಂದರ ಕಥೆಯಲ್ಲ. ಕೇಂದ್ರ ಅಂತರ್ಜಲ ಮಂಡಳಿ 2024ರಲ್ಲಿ ಹೊರತಂದ ವರದಿಯ ಪ್ರಕಾರ ದೇಶದಲ್ಲಿ ಪರೀಕ್ಷಿಸಿದ ಅಂತರ್ಜಲ ಮಾದರಿಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ನೈಟ್ರೇಟ್ ಮಿತಿ ಮೀರಿದೆ. 2017ರಲ್ಲಿ 359 ಜಿಲ್ಲೆಗಳಲ್ಲಿ ಈ ತೊಂದರೆ ಕಂಡಿತ್ತು, 2023ರ ಹೊತ್ತಿಗೆ ಅದು 440 ಜಿಲ್ಲೆಗಳಿಗೆ ಏರಿತು. ರಾಜ್ಯಗಳ ಪಟ್ಟಿಯಲ್ಲಿ ಮೇಲಿರುವ ಮೂರು ಹೆಸರು ರಾಜಸ್ಥಾನ, ಕರ್ನಾಟಕ, ತಮಿಳುನಾಡು. ಅಂದರೆ ನಾವು ಬಿಟ್ಟು ಬಂದ ರಾಜ್ಯ ಮತ್ತು ನಾವು ಬದುಕುತ್ತಿರುವ ರಾಜ್ಯ, ಎರಡೂ ಅದರಲ್ಲಿವೆ.

ಹೊಲದ ಯೂರಿಯಾ ಗೊಬ್ಬರ ಇದಕ್ಕೆ ದೊಡ್ಡ ಕಾರಣ ಎಂಬುದು ನಿಜ. ಆದರೆ ಊರೊಳಗೆ, ಹೊಲವೇ ಇಲ್ಲದ ಕಡೆ, ನೈಟ್ರೇಟ್ ಎಲ್ಲಿಂದ ಬಂತು? ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನೇ ಹುಡುಕಿದರು. ಆ ಪಟ್ಟಣದ ಮನೆಗಳಲ್ಲಿ ಗುಂಡಿ ಶೌಚಾಲಯಗಳೇ ಹೆಚ್ಚು, ಕುಡಿಯುವುದಕ್ಕೆ ಅಂತರ್ಜಲವೇ ಆಧಾರ. ಪರೀಕ್ಷಿಸಿದ ಬಹುಪಾಲು ಬಾವಿಗಳಲ್ಲಿ ನೈಟ್ರೇಟ್ ಮಿತಿಗಿಂತ ಹೆಚ್ಚು ಸಿಕ್ಕಿತು. ಶೌಚಗುಂಡಿಯಿಂದ ಇಳಿದ ನೀರೇ ಅದಕ್ಕೆ ಕಾರಣವೆಂದು ಅವರು ತೋರಿಸಿದರು.

*ಟ್ಯಾಂಕಿನಿಂದ ಬೋರಿಗೆ: ದಾರಿ ಹೇಗೆ?*

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದಲ್ಲಿ ಪ್ರೋಟೀನ್ ಇದೆ, ಪ್ರೋಟೀನಿನಲ್ಲಿ ಸಾರಜನಕ ಇದೆ. ಮೈಗೆ ಬೇಡವಾದ ಸಾರಜನಕ ಹೊರಗೆ ಹೋಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಮೂತ್ರದಲ್ಲಿ, ಮಲದಲ್ಲಿ ಹೋಗುವುದು ಕಡಿಮೆ. ಹೀಗೆ ಒಬ್ಬ ವಯಸ್ಕ ವರ್ಷಕ್ಕೆ ಸುಮಾರು 4 ಕೆಜಿ ಸಾರಜನಕವನ್ನು ಟಾಯ್ಲೆಟ್ಟಿಗೆ ಬಿಡುತ್ತಾನೆ.

ಸೆಪ್ಟಿಕ್ ಟ್ಯಾಂಕಿನ ಕೆಲಸ ಗಟ್ಟಿ ಪದಾರ್ಥವನ್ನು ತಳದಲ್ಲಿ ಕೂರಿಸುವುದು, ಅಷ್ಟೇ. ನೀರಿನಲ್ಲಿ ಕರಗಿದ ಸಾರಜನಕವನ್ನು ಅದು ಹಿಡಿಯುವುದು ಬಹಳ ಕಡಿಮೆ. ಟ್ಯಾಂಕಿನೊಳಗೆ ಗಾಳಿ ಇಲ್ಲದ್ದರಿಂದ ಅಲ್ಲಿ ಅದು ಅಮೋನಿಯಂ ರೂಪದಲ್ಲಿರುತ್ತದೆ. ಮೂಗಿಗೆ ಬಡಿಯುವ ಘಾಟು ವಾಸನೆಯಲ್ಲಿ ಅದರ ಪಾಲೂ ಇದೆ.

ಆ ನೀರು ಇಂಗುಗುಂಡಿಗೆ ಹೋಗಿ ಮಣ್ಣಿಗೆ ಇಳಿಯುತ್ತದೆ. ಮಣ್ಣಿನಲ್ಲಿ ಗಾಳಿ ಇದೆ, ಬ್ಯಾಕ್ಟೀರಿಯಾ ಇದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ತೊಂದರೆ ಶುರುವಾಗುವುದು ಇಲ್ಲಿ. ಮಣ್ಣಿನ ಕಣಗಳಿಗೆ ಋಣ ವಿದ್ಯುದಂಶ. ಧನ ವಿದ್ಯುದಂಶದ ಅಮೋನಿಯಂ ಅವುಗಳಿಗೆ ಅಂಟಿಕೊಳ್ಳುತ್ತದೆ. ನೈಟ್ರೇಟ್ ಕೂಡ ಋಣವಾದ್ದರಿಂದ ಮಣ್ಣು ಅದನ್ನು ಹಿಡಿದುಕೊಳ್ಳುವುದಿಲ್ಲ. ನೀರು ಎಲ್ಲಿಗೆ ಹೋಗುತ್ತದೋ ಅದೂ ಅಲ್ಲಿಗೇ.

ಅದಕ್ಕೇ “ಬಾವಿಗೂ ಟ್ಯಾಂಕಿಗೂ ಅಂತರ ಇದೆ, ಮಣ್ಣು ಸೋಸುತ್ತದೆ” ಎಂಬ ಮಾತು ಅರ್ಧ ಮಾತ್ರ ನಿಜ. ರೋಗಾಣುಗಳನ್ನು ಮಣ್ಣು ಸೋಸುತ್ತದೆ, ದೂರ ಹೋದಂತೆ ಅವು ಸಾಯುತ್ತವೆ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಇಂಗುವ ವ್ಯವಸ್ಥೆಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಕೇಳುತ್ತದೆ. ಆದರೆ ನೈಟ್ರೇಟ್ 60 ಅಡಿಗೆ ನಿಲ್ಲುವುದಿಲ್ಲ. ನಿಮ್ಮ ಟ್ಯಾಂಕ್ ದೂರ ಇದ್ದರೂ ಪಕ್ಕದ ಮನೆಯದು ನಿಮ್ಮ ಬೋರಿನ ಬುಡದಲ್ಲೇ ಇರಬಹುದು.

ಇನ್ನೊಂದು ಮಾತು. “ನಮ್ಮ ಟ್ಯಾಂಕ್ ಹತ್ತು ವರ್ಷದಿಂದ ತುಂಬಿಯೇ ಇಲ್ಲ, ಒಮ್ಮೆಯೂ ಲಾರಿ ಕರೆಸಿಲ್ಲ” ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅಷ್ಟು ವರ್ಷ ಅಷ್ಟು ಜನ ಬಿಟ್ಟ ನೀರು ಆವಿಯಾಗಿ ಹೋಗಿಲ್ಲ. ನೆಲಕ್ಕೆ ಇಳಿದಿದೆ. ಎಷ್ಟೋ ಕಡೆ ಟ್ಯಾಂಕ್ ಎಂದು ಕರೆಯುವುದು ತಳಕ್ಕೆ ಸಿಮೆಂಟೇ ಹಾಕದ, ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದ ಗುಂಡಿ.

*ಪೆನ್ನು ಹಿಡಿದು ಒಂದು ಲೆಕ್ಕ ಮಾಡೋಣ*

ನೀರನ್ನು ಪರೀಕ್ಷೆ ಮಾಡುವ ಮೊದಲೇ ನಮ್ಮ ಬೀದಿಯ ಅಪಾಯ ಎಷ್ಟು ಎಂದು ಅಂದಾಜು ಮಾಡಬಹುದು. ಬ್ರಿಟಿಷ್ ಭೂವಿಜ್ಞಾನ ಸಂಸ್ಥೆ 2001ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ಇದಕ್ಕೊಂದು ಸರಳ ಸೂತ್ರವಿದೆ. ಅಡುಗೆಯ ಭಾಷೆಯಲ್ಲಿ ಹೇಳಿದರೆ ಇಷ್ಟೇ: *ಎಷ್ಟು ಉಪ್ಪು ಹಾಕಿದ್ದೀವಿ, ಎಷ್ಟು ನೀರು ಹಾಕಿದ್ದೀವಿ, ಭಾಗಿಸಿ.*

ಮಾಧವರಂನಲ್ಲಿ ಒಂದು ಗ್ರೌಂಡ್ ಸೈಟ್, ಅಂದರೆ 2400 ಚದರ ಅಡಿ. ಮೂರು ಅಂತಸ್ತು, ಮೂರು ಸಂಸಾರ, ಒಟ್ಟು 12 ಜನ ಎಂದು ಇಟ್ಟುಕೊಳ್ಳಿ.

1. ಸಾರಜನಕ: 12 ಜನ × 4 ಕೆಜಿ = ವರ್ಷಕ್ಕೆ 48 ಕೆಜಿ.

2. ಇದರಲ್ಲಿ ಅರ್ಧ ಟ್ಯಾಂಕಿನಲ್ಲಿ, ಮಣ್ಣಿನಲ್ಲಿ, ಗಾಳಿಯಲ್ಲಿ ಕಳೆಯಿತು ಎಂದುಕೊಳ್ಳೋಣ. ಕೆಳಗಿಳಿದದ್ದು 24 ಕೆಜಿ.

3. ಸಾರಜನಕ ನೈಟ್ರೇಟ್ ಆದಾಗ ಆಮ್ಲಜನಕ ಸೇರಿ ತೂಕ 4.43 ಪಟ್ಟು ಆಗುತ್ತದೆ. 24 × 4.43 = ಸುಮಾರು 106 ಕೆಜಿ ನೈಟ್ರೇಟ್.

4. ಬಳಸಿದ ನೀರು: ತಲೆಗೆ ದಿನಕ್ಕೆ 100 ಲೀಟರ್. 12 × 100 × 365 = 4,38,000 ಲೀಟರ್.

5. ಮಳೆ: ಚೆನ್ನೈಯಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್. ಒಂದು ಗ್ರೌಂಡ್ ಮೇಲೆ ಬೀಳುವುದು ಸುಮಾರು 3,12,000 ಲೀಟರ್. ಅದರಲ್ಲಿ ನೆಲಕ್ಕೆ ಇಂಗುವುದು ನೂರಕ್ಕೆ 15 ಎಂದರೆ 47,000 ಲೀಟರ್.

6. ಒಟ್ಟು ನೀರು 4,85,000 ಲೀಟರ್. 106 ಕೆಜಿಯನ್ನು ಇದರಲ್ಲಿ ಕರಗಿಸಿದರೆ *ಲೀಟರಿಗೆ ಸುಮಾರು 219 ಮಿಲಿಗ್ರಾಂ.*

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ *ಲೀಟರಿಗೆ 45 ಮಿಲಿಗ್ರಾಂ.* ಬೇರೆ ನೀರಿನ ಮೂಲ ಇಲ್ಲದಾಗ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ ಎಂಬ ಸಡಿಲಿಕೆ ಕೆಲವು ಅಂಶಗಳಿಗೆ ಇದೆ, ನೈಟ್ರೇಟಿಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟ 50. ನಮ್ಮ ಲೆಕ್ಕ ಅದರ ನಾಲ್ಕು ಪಟ್ಟು ದಾಟಿತು.

“ಅರ್ಧ ಕಳೆಯಿತು ಎನ್ನುವುದು ಊಹೆ ತಾನೆ?” ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಮಣ್ಣು ಜೇಡಿಯಾಗಿದ್ದು, ಗಾಳಿ ಕಡಿಮೆ ಇದ್ದರೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೇಟನ್ನು ಮತ್ತೆ ಗಾಳಿಯ ಸಾರಜನಕ ಮಾಡಿ ಬಿಡುತ್ತದೆ. ಹಾಗಾಗಿ ನೂರಕ್ಕೆ 80 ಕಳೆದು 20 ಮಾತ್ರ ಇಳಿಯಿತು ಎಂದೇ ಲೆಕ್ಕ ಹಾಕಿ. ಆಗಲೂ ಲೀಟರಿಗೆ ಸುಮಾರು 88 ಮಿಲಿಗ್ರಾಂ. ಮಿತಿಯ ಸುಮಾರು ಎರಡು ಪಟ್ಟು.

ಈಗ ಇದೇ ಲೆಕ್ಕವನ್ನು ಊರಿನ ತೋಟದ ಮನೆಗೆ ಹಾಕಿ. ಒಂದು ಎಕರೆ, ನಾಲ್ಕು ಜನ, ಅಷ್ಟೇ ಮಳೆ. ಇಳಿಯುವ ಸಾರಜನಕ 8 ಕೆಜಿ, ನೈಟ್ರೇಟ್ ಸುಮಾರು 35 ಕೆಜಿ. ಆದರೆ ಒಂದು ಎಕರೆಗೆ ಇಂಗುವ ಮಳೆ ಸುಮಾರು 8.5 ಲಕ್ಷ ಲೀಟರ್, ಬಳಸಿದ ನೀರು 1.46 ಲಕ್ಷ. ಭಾಗಿಸಿದರೆ ಲೀಟರಿಗೆ ಸುಮಾರು 36 ಮಿಲಿಗ್ರಾಂ. ಮಿತಿಯೊಳಗೆ.

ಅಜ್ಜಿ ಹೇಳುವ “ನಮ್ಮ ಕಾಲದಲ್ಲಿ ಬಾವಿ ನೀರು ಕುಡಿದೇ ಬೆಳೆದೆವು, ಏನೂ ಆಗಲಿಲ್ಲ” ಎಂಬ ಮಾತಿನ ಹಿಂದೆ ಇರುವುದು ಈ ಲೆಕ್ಕ. ಅಜ್ಜಿ ಸುಳ್ಳು ಹೇಳುತ್ತಿಲ್ಲ. ಅವರ ಬಾವಿಯ ಸುತ್ತ ಒಂದು ಎಕರೆ ಮಳೆ ಇತ್ತು. ನಮ್ಮ ಬೋರಿನ ಸುತ್ತ ಇರುವುದು ನಮ್ಮದೇ ಟಾಯ್ಲೆಟ್ ನೀರು.

ಒಂದು ಎಚ್ಚರಿಕೆ. ಇದು ಬೀದಿಯ ಸರಾಸರಿ ಅಂದಾಜು. ವರ್ಷಗಟ್ಟಲೆ ಹೀಗೇ ನಡೆದರೆ ಅಂತರ್ಜಲದ ಮೇಲಿನ ಪದರ ಎಲ್ಲಿಗೆ ಮುಟ್ಟುತ್ತದೆ ಎಂದು ಇದು ತೋರಿಸುತ್ತದೆ. ನಿಮ್ಮ ಬೋರಿನ ಇವತ್ತಿನ ಅಂಕಿ ಇದೇ ಎಂದಲ್ಲ. ಆಳದ ಬೋರಾದರೆ ಕಡಿಮೆ ಇರಬಹುದು. ಮೇಲಿನ ನೀರು ಇಳಿಯದಂತೆ ಕೇಸಿಂಗ್ ಪೈಪ್ ಗಟ್ಟಿಯಾಗಿದ್ದರೂ ಕಡಿಮೆ ಇರಬಹುದು. ಪಕ್ಕದಲ್ಲಿ ದನದ ಕೊಟ್ಟಿಗೆಯ ಸಗಣಿ ಗುಂಡಿ ಇದ್ದರೆ ಇನ್ನೂ ಹೆಚ್ಚಿರಬಹುದು. ಲೆಕ್ಕ ಹೇಳುವುದು “ಪರೀಕ್ಷೆ ಮಾಡಿಸು” ಎಂದು. ತೀರ್ಪು ಕೊಡಬೇಕಾದದ್ದು ಲ್ಯಾಬ್.

*ಮಗುವಿಗೆ ಇದರಿಂದ ಏನಾಗುತ್ತದೆ?*

1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯ ಹಂಟರ್ ಕಾಮ್ಲಿ ಅವರು ಮೈ ನೀಲಿಗಟ್ಟಿದ ಹಸುಳೆಗಳ ಬಗ್ಗೆ ಬರೆದರು. ಹೃದಯದಲ್ಲಾಗಲಿ ಶ್ವಾಸಕೋಶದಲ್ಲಾಗಲಿ ತೊಂದರೆ ಕಾಣಲಿಲ್ಲ. ಕೊನೆಗೆ ಗೊತ್ತಾದ ಕಾರಣ ಬಾಟಲಿ ಹಾಲು ಕಲಸಲು ಬಳಸಿದ ಬಾವಿ ನೀರಿನ ನೈಟ್ರೇಟ್. 1951ರಲ್ಲಿ ಅಮೆರಿಕದ ರಾಜ್ಯಗಳಿಂದ ಒಟ್ಟು ಮಾಡಿದಾಗ ಇಂಥ 278 ಪ್ರಕರಣಗಳು ಸಿಕ್ಕವು. ನೀರಿನ ಅಂಕಿ ಗೊತ್ತಿದ್ದ 214 ಪ್ರಕರಣಗಳಲ್ಲಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸಾರಜನಕಕ್ಕಿಂತ ಕಡಿಮೆ ಇದ್ದದ್ದು ಒಂದೂ ಇರಲಿಲ್ಲ. ಆ 10 ಅನ್ನು ನೈಟ್ರೇಟ್ ಲೆಕ್ಕಕ್ಕೆ ತಂದರೆ ಸುಮಾರು 45. ನಮ್ಮ ಮಾನಕದ ಮಿತಿಯೂ ಅದೇ.

ಒಳಗೆ ನಡೆಯುವುದು ಹೀಗೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಮೈಗೆಲ್ಲ ಹಂಚುತ್ತದೆ. ನೈಟ್ರೇಟ್ ಹೊಟ್ಟೆಯಲ್ಲಿ ನೈಟ್ರೈಟ್ ಆದರೆ, ಅದು ಹಿಮೋಗ್ಲೋಬಿನ್ನನ್ನು ಮೆಥಿಮೋಗ್ಲೋಬಿನ್ ಆಗಿ ಬದಲಾಯಿಸುತ್ತದೆ. ಅದಕ್ಕೆ ಆಮ್ಲಜನಕ ಹೊರುವ ಶಕ್ತಿ ಇಲ್ಲ. ದೊಡ್ಡವರ ರಕ್ತದಲ್ಲಿ ಇದನ್ನು ಸರಿಪಡಿಸುವ ಕಿಣ್ವ ಸಾಕಷ್ಟಿದೆ. ಎಳೆ ಮಗುವಿನಲ್ಲಿ ಅದು ಕಡಿಮೆ. ಹೊಟ್ಟೆಯ ಆಮ್ಲವೂ ಕಡಿಮೆ ಇರುವುದರಿಂದ ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಸುಲಭವಾಗಿ ಬೆಳೆಯುತ್ತವೆ. ಜೊತೆಗೆ ಮಗು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಎಷ್ಟೋ ಹೆಚ್ಚು ದ್ರವ ಕುಡಿಯುತ್ತದೆ. ಭೇದಿ ಇದ್ದರೆ ಅಪಾಯ ಇನ್ನೂ ಹೆಚ್ಚು. ಸೆಪ್ಟಿಕ್ ನೀರು ಸೇರಿದ ಬೋರಿನಲ್ಲಿ ನೈಟ್ರೇಟ್ ಜೊತೆಗೆ ಭೇದಿ ತರುವ ರೋಗಾಣುಗಳೂ ಇರಬಹುದು ಎಂಬುದನ್ನು ಮರೆಯಬೇಡಿ.

*ಗಮನಿಸಬೇಕಾದ ಲಕ್ಷಣಗಳು:* ತುಟಿ, ನಾಲಿಗೆ, ಉಗುರಿನ ಸುತ್ತ ನೀಲಿ ಅಥವಾ ಬೂದು ಬಣ್ಣ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಬಾಯಿಯ ಒಳಭಾಗ ನೋಡಿ. ಹಾಲು ಕುಡಿಯದೆ ಮಂಕಾಗುವುದು, ಬೇಗ ಬೇಗ ಉಸಿರಾಡುವುದು, ತುಂಬಾ ನಿದ್ದೆಗಣ್ಣು. ಹೀಗೆ ಕಂಡರೆ ಮನೆಮದ್ದು ಬೇಡ, ಬೆಳಗಾಗಲಿ ಎಂದು ಕಾಯುವುದೂ ಬೇಡ. 108ಕ್ಕೆ ಕರೆ ಮಾಡಿ. ಡಾಕ್ಟರಿಗೆ ಮಗುವಿಗೆ ಕೊಟ್ಟ ನೀರು ಬೋರಿನದು ಎಂದು ತಪ್ಪದೆ ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಔಷಧ ಇದೆ.

ದೊಡ್ಡವರ ವಿಷಯವನ್ನೂ ಹೇಳಿಬಿಡುತ್ತೇವೆ. ಆರೋಗ್ಯವಂತ ವಯಸ್ಕರಿಗೆ ಮೈ ನೀಲಿಯಾಗುವ ಭಯ ಇಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ, ದೇಹದೊಳಗೆ ನೈಟ್ರೋಸೋ ಸಂಯುಕ್ತಗಳು ಉಂಟಾಗುವಂಥ ಸಂದರ್ಭಗಳಲ್ಲಿ ಸೇವಿಸಿದ ನೈಟ್ರೇಟ್ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿದೆ. ಹೆಚ್ಚು ನೈಟ್ರೇಟ್ ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದಕ್ಕೂ ಅಡ್ಡಿ. ಹಾಗಾಗಿ ಬಸುರಿಯರು, ಥೈರಾಯ್ಡ್ ತೊಂದರೆ ಇರುವವರು ಈ ನೀರು ಕುಡಿಯದಿರುವುದು ಒಳ್ಳೆಯದು. ಸೊಪ್ಪು, ಬೀಟ್‌ರೂಟಿನಲ್ಲೂ ನೈಟ್ರೇಟ್ ಇದೆ. ಅದಕ್ಕೆ ಹೆದರಿ ಸೊಪ್ಪಿನ ಸಾರು ಬಿಡಬೇಡಿ. ತರಕಾರಿಯಲ್ಲಿ ವಿಟಮಿನ್ ಸಿ ಕೂಡ ಇರುತ್ತದೆ, ಅದು ಆ ಕೆಟ್ಟ ಸಂಯುಕ್ತಗಳಿಗೆ ತಡೆ.

*ಎಲ್ಲರೂ ಮಾಡುವ ನಾಲ್ಕು ತಪ್ಪು*

*ತಪ್ಪು 1: “ಕುದಿಸಿ ಆರಿಸಿದ ನೀರು, ಏನೂ ಆಗಲ್ಲ.”* ಕುದಿಸಿದರೆ ರೋಗಾಣು ಸಾಯುತ್ತದೆ. ನೈಟ್ರೇಟ್ ಹೋಗುವುದಿಲ್ಲ, *ಹೆಚ್ಚಾಗುತ್ತದೆ.* ನೀರು ಆವಿಯಾಗುತ್ತದೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿಯುತ್ತದೆ. ಲೀಟರಿಗೆ 60 ಮಿಲಿಗ್ರಾಂ ಇರುವ ಎರಡು ಲೀಟರ್ ನೀರನ್ನು ಒಂದೂವರೆ ಲೀಟರಿಗೆ ಇಳಿಸಿದರೆ ಅದು 80 ಆಗುತ್ತದೆ. ಪ್ರೀತಿಯಿಂದ ಮೂರು ಸಲ ಕುದಿಸುವ ಅಜ್ಜಿಯರಿಗೆ ಇದನ್ನು ಮೆಲ್ಲಗೆ ತಿಳಿಸಿ ಹೇಳಿ.

*ತಪ್ಪು 2: “ನೀರು ಕನ್ನಡಿಯಂತಿದೆ, ರುಚಿಯೂ ಸಿಹಿ.”* ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆ ಇಲ್ಲ, ರುಚಿಯೂ ಗೊತ್ತಾಗುವುದಿಲ್ಲ.

*ತಪ್ಪು 3: “ಟಿಡಿಎಸ್ ಮೀಟರ್ ಇಟ್ಟು ನೋಡಿದೆವು, ಸರಿ ಇದೆ.”* ಟಿಡಿಎಸ್ ಎಂದರೆ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು. ಅದರಲ್ಲಿ ನೈಟ್ರೇಟ್ ಎಷ್ಟು ಎಂದು ಅದು ಹೇಳುವುದಿಲ್ಲ. ಟಿಡಿಎಸ್ 400 ಇದ್ದರೂ ಅದರಲ್ಲಿ 100 ನೈಟ್ರೇಟೇ ಇರಬಹುದು.

*ತಪ್ಪು 4: “ಫಿಲ್ಟರ್ ಇದೆಯಲ್ಲ.”* ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್, ಇದ್ದಿಲು ಫಿಲ್ಟರ್ ಯಾವುದೂ ನೈಟ್ರೇಟ್ ತೆಗೆಯುವುದಿಲ್ಲ. ಮನೆಯಲ್ಲಿ ಬಳಸುವ ಯಂತ್ರಗಳಲ್ಲಿ ಅದನ್ನು ತೆಗೆಯುವುದು ಮುಖ್ಯವಾಗಿ ಆರ್‌ಒ. ಅದೂ ಅದರ ಮೆಂಬ್ರೇನ್ ಚೆನ್ನಾಗಿದ್ದರೆ ಮಾತ್ರ.

*ಈಗ ಏನು ಮಾಡಬೇಕು?*

*ಒಂದು, ಮಗುವಿಗೆ.* ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ. ತಾಯಿ ಕುಡಿದ ನೀರಿನ ನೈಟ್ರೇಟ್ ಹಾಲಿಗೆ ಹೆಚ್ಚಾಗಿ ಇಳಿಯುವುದಿಲ್ಲ, ಹಾಗಾಗಿ ಹಾಲೂಡಿಸುವುದೇ ದೊಡ್ಡ ರಕ್ಷಣೆ. ಮಧ್ಯೆ ಚಮಚ ನೀರು, ಗ್ರೈಪ್ ವಾಟರ್ ಬೇಡ. ಡಬ್ಬಿ ಹಾಲು ಕೊಡಲೇಬೇಕಾದರೆ ಪರೀಕ್ಷೆಯಾಗದ ಬೋರ್ ನೀರಿನಲ್ಲಿ ಕಲಸಬೇಡಿ. ಆರು ತಿಂಗಳ ನಂತರ ರಾಗಿ ಸರಿ ಮಾಡುವಾಗಲೂ ಅದೇ ನಿಯಮ. ಗಂಜಿ ಕುದಿದಷ್ಟೂ ನೀರು ಬತ್ತುತ್ತದೆ, ನೈಟ್ರೇಟ್ ಉಳಿಯುತ್ತದೆ.

*ಎರಡು, ಸಂಪಿನ ವಿಷಯ.* ಬಹಳ ಮನೆಗಳಲ್ಲಿ ಮೆಟ್ರೋ ವಾಟರ್, ಲಾರಿ ನೀರು, ಬೋರ್ ನೀರು ಎಲ್ಲವೂ ಒಂದೇ ಸಂಪಿಗೆ ಬೀಳುತ್ತವೆ. ಮೆಟ್ರೋ ವಾಟರ್ ಬರುವುದು ಪುಳಲ್‌ನಂಥ ಕೆರೆಗಳಿಂದ, ಸಮುದ್ರದ ನೀರು ಸಿಹಿ ಮಾಡುವ ಘಟಕಗಳಿಂದ. ಅದರಲ್ಲಿ 10, ಬೋರಿನಲ್ಲಿ 90 ಇದೆ ಎಂದುಕೊಳ್ಳಿ. ಅರ್ಧಕ್ಕರ್ಧ ಬೆರೆತರೆ 50. ಒಳ್ಳೆಯ ನೀರೂ ಮಿತಿ ಮೀರಿತು. ಕುಡಿಯಲು, ಅಡುಗೆಗೆ ಮೆಟ್ರೋ ವಾಟರ್ ಅನ್ನು ಬೇರೆ ಕೊಡದಲ್ಲಿ ಹಿಡಿದಿಡಿ. ಸ್ನಾನ, ಬಟ್ಟೆ, ಪಾತ್ರೆಗೆ ಬೋರ್ ನೀರು ಬಳಸಬಹುದು. ನೈಟ್ರೇಟ್ ಚರ್ಮದಿಂದ ಒಳಗೆ ಹೋಗಿ ತೊಂದರೆ ಮಾಡುವಂಥದ್ದಲ್ಲ. ಕ್ಯಾನ್ ನೀರು ತರಿಸುವವರು ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ತುಂಬಿದ ದಿನಾಂಕ, ಸೀಲ್ ನೋಡಿಕೊಳ್ಳಿ.

*ಮೂರು, ಪರೀಕ್ಷೆ.* ಎನ್‌ಎಬಿಎಲ್ ಮಾನ್ಯತೆ ಇರುವ ನೀರಿನ ಲ್ಯಾಬಿಗೆ ಕೊಡಿ. ಮೋಟಾರನ್ನು ಐದು-ಹತ್ತು ನಿಮಿಷ ಓಡಿಸಿ, ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ತೊಳೆದು, ಸಂಪಿಗೂ ಫಿಲ್ಟರಿಗೂ ಹೋಗುವ ಮೊದಲಿನ ನೀರು ಹಿಡಿಯಿರಿ. ತಣ್ಣಗಿಟ್ಟು ಅದೇ ದಿನ ತಲುಪಿಸಿ. ನೈಟ್ರೇಟ್ ಜೊತೆಗೆ ಕ್ಲೋರೈಡ್ ಮತ್ತು ಇ. ಕೋಲಿ ಕೂಡ ನೋಡಲು ಹೇಳಿ. ಇ. ಕೋಲಿ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧ ಬಾಟಲಿ ಬೇಕು, ಅದನ್ನು ತೊಳೆಯಬಾರದು. ಮೂರೂ ಹೆಚ್ಚಿದ್ದರೆ ಸೆಪ್ಟಿಕ್ ನೀರು ಸೇರುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. ಬೇಸಿಗೆಯಲ್ಲಿ ಒಮ್ಮೆ, ಅಕ್ಟೋಬರ್-ಡಿಸೆಂಬರ್ ಮಳೆಯ ನಂತರ ಒಮ್ಮೆ ಮಾಡಿಸಿ. ಮಳೆಗೆ ಅಂತರ್ಜಲ ಮೇಲೇರಿ ಟ್ಯಾಂಕಿನ ತಳ ಮುಟ್ಟುವ ಕಾಲ ಅದು. ಆರ್‌ಒ ಇರುವವರು ಅದರಿಂದ ಹೊರಬರುವ ನೀರನ್ನೂ ಪರೀಕ್ಷೆಗೆ ಕೊಡಿ.

*ವರದಿ ಓದುವಾಗ ಒಂದು ಮೋಸ ಹೋಗುವ ಜಾಗ:* ಕೆಲವು ಲ್ಯಾಬುಗಳು ‘ನೈಟ್ರೇಟ್’ ಎಂದು ಬರೆಯುತ್ತವೆ, ಕೆಲವು ‘ನೈಟ್ರೇಟ್ ಸಾರಜನಕ’ ಅಥವಾ ‘ಆಸ್ ಎನ್’ ಎಂದು. ‘ಆಸ್ ಎನ್’ ಎಂದಿದ್ದರೆ 4.43ರಿಂದ ಗುಣಿಸಿ. ವರದಿಯಲ್ಲಿ 15 ಇದೆ, 45ಕ್ಕಿಂತ ಕಡಿಮೆ ಎಂದು ಸುಮ್ಮನಾಗಬೇಡಿ. ‘ಆಸ್ ಎನ್’ 15 ಎಂದರೆ ನೈಟ್ರೇಟ್ 66.

*ನಾಲ್ಕು, ಟ್ಯಾಂಕ್.* ಎರಡು-ಮೂರು ವರ್ಷಕ್ಕೊಮ್ಮೆ ಲಾರಿ ಕರೆಸಿ ಖಾಲಿ ಮಾಡಿಸಿ. ತಮಿಳುನಾಡಿನಲ್ಲಿ ಇದಕ್ಕೆ 14420 ಸಹಾಯವಾಣಿ ಇದೆ. *ಯಾವ ಕಾರಣಕ್ಕೂ ಮನುಷ್ಯನನ್ನು ಟ್ಯಾಂಕಿನೊಳಗೆ ಇಳಿಸಬೇಡಿ.* ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. 2013ರ ಕಾನೂನಿನ ಪ್ರಕಾರ ಅದು ಅಪರಾಧ ಕೂಡ. ಖಾಲಿ ಮಾಡಿಸಿದರೆ ಟ್ಯಾಂಕ್ ಉಕ್ಕುವುದು ನಿಲ್ಲುತ್ತದೆ, ರೋಗಾಣು ಕಡಿಮೆಯಾಗುತ್ತದೆ. ನೈಟ್ರೇಟ್ ಮಾತ್ರ ಹೆಚ್ಚು ಇಳಿಯುವುದಿಲ್ಲ, ಅದು ಕರಗಿದ ನೀರಿನ ಜೊತೆ ಆಗಲೇ ಹೋಗಿರುತ್ತದೆ.

*ಐದು, ಮಳೆನೀರು.* 2003ರಲ್ಲೇ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದೆ. ನಮ್ಮ ಒಂದು ಗ್ರೌಂಡ್ ಲೆಕ್ಕದಲ್ಲಿ ಮಳೆಯ ಅರ್ಧವನ್ನು ಇಂಗಿಸಿದರೆ 219 ಇಳಿದು ಸುಮಾರು 178 ಆಗುತ್ತದೆ. ಒಳ್ಳೆಯದು, ಆದರೆ ಅದೊಂದೇ ಸಾಲದು. ಇಂಗುಗುಂಡಿಗೆ ಛಾವಣಿಯ ನೀರು ಮಾತ್ರ ಬಿಡಿ. ಬಚ್ಚಲು, ಬಟ್ಟೆ ಒಗೆದ ನೀರು ಬಿಡಬೇಡಿ.

*ಆರು, ಒಳಚರಂಡಿ.* ಅಳಿಸಲಾಗದ ಸತ್ಯ ಇದು: ಒತ್ತೊತ್ತಾದ ಬೀದಿಯಲ್ಲಿ ನೈಟ್ರೇಟ್ ನಿಲ್ಲಬೇಕಾದರೆ ಟಾಯ್ಲೆಟ್ ನೀರು ಆ ಬೀದಿಯಿಂದ ಹೊರಗೆ ಹೋಗಬೇಕು. ನಿಮ್ಮ ಬೀದಿಗೆ ಒಳಚರಂಡಿ ಬಂದಿದ್ದರೆ ಮನೆ ಮಾಲೀಕರು ಸಂಪರ್ಕ ತೆಗೆದುಕೊಂಡಿದ್ದಾರೆಯೇ ಎಂದು ಕೇಳಿ. ಪೈಪ್ ಬಂದ ಮೇಲೂ ಖರ್ಚಿಗೆ ಹೆದರಿ ಹಳೆಯ ಟ್ಯಾಂಕನ್ನೇ ಮುಂದುವರಿಸುವವರು ಇರಬಹುದು. ಬಂದಿಲ್ಲದಿದ್ದರೆ ಬೀದಿಯವರೆಲ್ಲ ಸೇರಿ ಲ್ಯಾಬ್ ವರದಿ ಲಗತ್ತಿಸಿ ಮೆಟ್ರೋ ವಾಟರ್ ಕಚೇರಿಗೆ, ವಾರ್ಡ್ ಕೌನ್ಸಿಲರಿಗೆ ಅರ್ಜಿ ಕೊಡಿ. ಬಾಡಿಗೆಯವರು ನಾವು, ನಮಗೇಕೆ ಎನ್ನಬೇಡಿ. ಕುಡಿಯುವವರು ನಾವೇ. ಸಂಪರ್ಕ ಸಿಕ್ಕ ಮರುದಿನವೇ ಬೋರ್ ಶುದ್ಧವಾಗುವುದಿಲ್ಲ ಎಂಬುದೂ ಗೊತ್ತಿರಲಿ. ನೆಲದಲ್ಲಿ ಸೇರಿದ ನೈಟ್ರೇಟ್ ಮಳೆಗೆ ತೊಳೆದುಹೋಗಲು ವರ್ಷಗಳು ಬೇಕು.

*ತಮಿಳಿನಲ್ಲಿ ಕೇಳಬೇಕಾದರೆ*

ಭಾಷೆ ಬರುವುದಿಲ್ಲ ಎಂದು ಸುಮ್ಮನಿರಬೇಡಿ. ಪದಗಳು ನಮ್ಮವಕ್ಕೆ ಹತ್ತಿರವೇ ಇವೆ. ಕುಡಿಯುವ ನೀರು *ಕುಡಿನೀರ್.* ಬಾವಿ *ಕಿಣರು.* ಸೆಪ್ಟಿಕ್ ಟ್ಯಾಂಕ್ *ಕಳಿವುನೀರ್ ತೊಟ್ಟಿ.* ಮೆಟ್ರೋ ವಾಟರ್ ಮಂಡಳಿ *ಕುಡಿನೀರ್ ವಾರಿಯಂ.* ಹೊಸ ಮನೆ ನೋಡಲು ಹೋದಾಗ ಕಳಿವುನೀರ್ ತೊಟ್ಟಿ ಎಲ್ಲಿದೆ, ಬೋರ್ ಎಲ್ಲಿದೆ, ಬೋರ್ ಎಷ್ಟು ಅಡಿ, ಪಕ್ಕದ ಮನೆಯ ತೊಟ್ಟಿ ಯಾವ ಕಡೆ, ಈ ನಾಲ್ಕನ್ನೂ ಕೇಳಿಬಿಡಿ.

*ನೆನಪಿಡಲು ಐದು ಸಾಲು*

• ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ.
• ಕುದಿಸಿದರೆ ಹೋಗುವುದಿಲ್ಲ, ಹೆಚ್ಚುತ್ತದೆ.
• ಟಿಡಿಎಸ್ ಮೀಟರಿನಲ್ಲಿ ಕಾಣುವುದಿಲ್ಲ, ಲ್ಯಾಬ್ ಪರೀಕ್ಷೆಯೇ ಬೇಕು.
• ಆರು ತಿಂಗಳವರೆಗೆ ತಾಯಿ ಹಾಲು ಮಾತ್ರ. ಡಬ್ಬಿ ಹಾಲಿಗೆ ಬೋರ್ ನೀರು ಬೇಡ.
• ತುಟಿ ನೀಲಿಯಾದರೆ ತಡ ಮಾಡದೆ 108.

ಈ ಲೇಖನ ತಿಳಿವಳಿಕೆಗಾಗಿ, ವೈದ್ಯರ ಸಲಹೆಗೆ ಬದಲಿ ಅಲ್ಲ. ಮಾಧವರಂ, ಪುಳಲ್, ಕೊಳತ್ತೂರು, ಮಣಲಿ ಕಡೆ ಇರುವ ನಿಮ್ಮ ಬಂಧುಗಳಿಗೆ ಕಳಿಸಿ. ಬೆಂಗಳೂರು, ಹೊಸೂರು, ಕೋಲಾರದಲ್ಲಿ ಬೋರ್ ನೀರನ್ನೇ ನಂಬಿರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಕುದಿಸುವ ನೀರಿನ ಭಾಗವನ್ನಾದರೂ ಅವರಿಗೆ ಓದಿ ಹೇಳಿ. ಕೂಸಿನ ನೀರು ಕಾಯಿಸುವುದು ಸಾಮಾನ್ಯವಾಗಿ ಅವರೇ.